ಗಾಜಿನ ಮೂಲೆಯ ಬಿಳಿ ಚುಕ್ಕಿ

೧೯೭೭ನೆಯ ಇಸವಿ ಫೆಬ್ರವರಿ ಹನ್ನೊಂದು, ಶುಕ್ರವಾರ. ಈ ದಿನಾಂಕಕ್ಕೆ ಆಧಾರ ನನ್ನ ನೆನಪಲ್ಲ, ನನ್ನ ಕಪಾಟಿನಲ್ಲಿರುವ ಒಂದು ಪೆನ್ಸಿಲ್ ಚಿತ್ರ. ಕಾಪುವಿನ ಒಂದು ವೀರಗಲ್ಲನ್ನು ಎದುರಿಗೆ ಕುಳಿತು ನೋಡಿ ಬರೆದ ಆ ಚಿತ್ರದ ಕೆಳಗೆ ಬರೆದವರ ಕೈಯಲ್ಲೇ ತಾರೀಕು ಇದೆ. ಅಂದು ಶುಕ್ರವಾರವೇ ಆಗಿತ್ತೆಂಬುದನ್ನು ಆ ವರ್ಷದ ಪಂಚಾಂಗದೊಂದಿಗೆ ಹೋಲಿಸಿ ನೋಡಿದ್ದೇನೆ. ನನ್ನ ತಾಯಿಯವರು ಬದುಕಿರುವವರೆಗೂ ಇದೆಲ್ಲ ಮರುವರ್ಷ ನಡೆದದ್ದೆಂದು ಸಾಧಿಸುತ್ತಿದ್ದರು. ಆದರೆ ಕಾಪು ಪೇಟೆಯ ಗೋಡೆಗಳ ಮೇಲೆ ಲೋಕಸಭಾ ಚುನಾವಣೆಯ ಬರಹಗಳ ಬಣ್ಣ ಇನ್ನೂ ಹೊಸದಾಗಿದ್ದದ್ದು ನನಗೆ ನೆನಪಿದೆ. ಆ ಚುನಾವಣೆ ಘೋಷಣೆಯಾದದ್ದು ೧೯೭೭ರ ಜನವರಿಯಲ್ಲಿ, ಮತದಾನ ನಡೆದದ್ದು ಮಾರ್ಚಿನಲ್ಲಿ. ಹೀಗಾಗಿ ಈ ಒಂದು ವಿಷಯದಲ್ಲಿ ತಾಯಿಯವರ ಮಾತನ್ನು ಒಪ್ಪುವಂತಿಲ್ಲ.

ಆ ಚಿತ್ರವನ್ನು ಬರೆದವರು ಅರುವತ್ತೈದರ ಆಸುಪಾಸಿನ ಒಬ್ಬ ಆಂಗ್ಲ ಮಹಿಳೆ. ಅವರ ಪತಿ ಪುರಾತತ್ತ್ವಜ್ಞರಾಗಿದ್ದರು, ಲಂಡನ್ನಿನ ಒಂದು ವಿದ್ವತ್ ಸಂಘದ ಹಿರಿಯ ಸದಸ್ಯರೂ ಆಗಿದ್ದರು. ಅವರು ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಕರಾವಳಿಯ ವೀರಗಲ್ಲುಗಳ ಬಗ್ಗೆ ಸಂಶೋಧನ ಪ್ರಬಂಧ ಸಿದ್ಧಪಡಿಸುತ್ತಿದ್ದೆ. ಆ ಸಂಘದ ಕಾರ್ಯದರ್ಶಿಯವರು ನಮ್ಮ ಪ್ರಾಂಶುಪಾಲರಿಗೆ ಬರೆದ ಪತ್ರ ಹಾಗಾಗಿ ನನ್ನ ಮೇಜಿಗೆ ಬಂದಿತು. ಕಾಪುವಿನಲ್ಲಿ ಇಂಥದೊಂದು ಕಲ್ಲು ಈಗಲೂ ಇದೆಯೇ, ಇದ್ದರೆ ದಿವಂಗತ ಸದಸ್ಯರ ಪತ್ನಿಗೆ ಅದನ್ನು ತೋರಿಸಲು ಸಾಧ್ಯವೇ ಎಂದು ಅವರು ಕೇಳಿದ್ದರು. ಜೊತೆಗೆ ಆ ಕಲ್ಲಿನ ಮುದ್ರಿತ ರೇಖಾಚಿತ್ರದ ಒಂದು ಪ್ರತಿಯನ್ನು ಇಟ್ಟಿದ್ದರು.

ಆ ಚಿತ್ರ ನನಗೆ ಹೊಸದಲ್ಲ. ಕರಾವಳಿಯ ವೀರಗಲ್ಲುಗಳನ್ನು ಓದುವ ಯಾರಿಗೂ ಹೊಸದಾಗಿರಲಿಲ್ಲ. ಎಡಗೈಯಲ್ಲಿ ಕತ್ತಿ, ಬಲಗೈಯಲ್ಲಿ ಗುರಾಣಿ, ಕಾಲ ಬಳಿ ಒಂದು ನಾಯಿ. ಈ ಎಡಗೈ ವೀರನನ್ನು ಆಧಾರವಾಗಿಟ್ಟುಕೊಂಡು ಆ ಪುರಾತತ್ತ್ವಜ್ಞರು ಒಂದು ವಾದವನ್ನು ಕಟ್ಟಿದ್ದರು: ಈ ಕಡಲಂಚಿನಲ್ಲಿ ದೋಣಿಯ ಒಂದು ಪಕ್ಕದಲ್ಲಿ ನಿಂತು ಕಾದಾಡಲು ಎಡಗೈಯಲ್ಲೇ ಪಳಗಿದ ಯೋಧರ ಒಂದು ವರ್ಗವಿದ್ದಿರಬೇಕು ಎಂದು. ವಾದ ಸೊಗಸಾಗಿತ್ತು. ಆದರೆ ಅದು ನಿಂತದ್ದು ಒಂದೇ ಕಲ್ಲಿನ ಮೇಲೆ. ಆ ಕಲ್ಲನ್ನು ಅವರು ಕಂಡದ್ದು ಎರಡನೆಯ ಮಹಾಯುದ್ಧಕ್ಕೆ ಮೊದಲು, ತರುಣ ಅಧಿಕಾರಿಯಾಗಿ ಸವಾರಿ ಬಂದಿದ್ದಾಗ, ಒಂದು ಮಧ್ಯಾಹ್ನ ಮಾತ್ರ. ಆಗ ತೆಗೆದ ಛಾಯಾಚಿತ್ರದ ಮೂಲ ಗಾಜು ಹಡಗಿನಲ್ಲಿ ಒಡೆದುಹೋಗಿ, ಉಳಿದದ್ದು ಅದರಿಂದ ಮೊದಲೇ ಮಾಡಿಸಿದ್ದ ಒಂದು ಸ್ಲೈಡು. ಪತ್ನಿ ಆ ಸ್ಲೈಡನ್ನು ಗೋಡೆಯ ಮೇಲೆ ಬೀಳಿಸಿ ರೇಖೆಗಳನ್ನು ಎಳೆದುಕೊಟ್ಟಿದ್ದರು. ಮುದ್ರಿತ ಚಿತ್ರ ಅದೇ.

ಇಲ್ಲಿ ಆ ಸಂಘಗಳ ರೀತಿನೀತಿಯ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಆ ಮಹಿಳೆ ಅಷ್ಟು ದೂರದಿಂದ ಬಂದದ್ದು ಏಕೆಂದು ತಿಳಿಯುವುದಿಲ್ಲ. ಅಲ್ಲಿ ಪ್ರಬಂಧವನ್ನು ಒಪ್ಪಿಸಿದರೆ ಸಾಲದು, ಸಭೆಯಲ್ಲಿ ಎದ್ದುನಿಂತು ಓದಬೇಕು. ದೀಪ ಆರಿಸಿ ಗಾಜಿನ ಸ್ಲೈಡುಗಳನ್ನು ತೋರಿಸುತ್ತಾರೆ. ಬಳಿಕ ಪ್ರಶ್ನೆಗಳು. ಮೂವತ್ತು ವರ್ಷದ ಸ್ನೇಹಿತರೂ ಆ ಹೊತ್ತಿನಲ್ಲಿ ಒಬ್ಬರ ಕಾಲನಿರ್ಣಯವನ್ನು ಇನ್ನೊಬ್ಬರು ಹರಿದುಹಾಕುತ್ತಾರೆ, ಆಮೇಲೆ ಒಟ್ಟಿಗೆ ಚಹ ಕುಡಿಯುತ್ತಾರೆ. ನಮ್ಮಲ್ಲಿ ಪ್ರಶ್ನೆ ಕೇಳಿದವನನ್ನು ಮುಂದಿನ ಗೋಷ್ಠಿಗೆ ಕರೆಯದಿರುವುದೇ ರೂಢಿಯಾಗಿದ್ದ ಕಾಲದಲ್ಲಿ ಈ ಕ್ರಮ ನನಗೆ ಬಹಳ ಹಿಡಿಸಿತ್ತು. ಆ ಸಂಘದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಸದಸ್ಯರೊಬ್ಬರು ತೀರಿಕೊಂಡರೆ ಅವರು ಬಿಟ್ಟುಹೋದ ಒಂದು ಪ್ರಬಂಧವನ್ನು ಒಂದೇ ಒಂದು ಸಲ ಕಾರ್ಯದರ್ಶಿ ಓದುತ್ತಾರೆ. ಆ ಪ್ರಬಂಧಕ್ಕೆ ಯಾರೂ ಪ್ರಶ್ನೆ ಹಾಕುವಂತಿಲ್ಲ. ಓದಿ ಮುಗಿಸಿ ಹೆಸರು ಹೇಳಿದ ಮೇಲೆ ಎಲ್ಲರೂ ಒಂದು ಕ್ಷಣ ಎದ್ದುನಿಲ್ಲುತ್ತಾರೆ. ಆ ಕೋಣೆಯಲ್ಲಿ ಆ ಹೆಸರು ಕೇಳಿಬರುವುದು ಅದೇ ಕೊನೆ.

ಎಡಗೈ ವೀರನ ಕುರಿತು ಆ ಪುರಾತತ್ತ್ವಜ್ಞರು ಬರೆದ ಕೊನೆಯ ಪ್ರಬಂಧ ಹೀಗೆ ಓದಲ್ಪಡಲು ಕಾದಿತ್ತು. ಕಲ್ಲನ್ನು ಇತ್ತೀಚೆಗೆ ಯಾರಾದರೂ ನೋಡಿ ದೃಢಪಡಿಸಿದರೆ ಒಳ್ಳೆಯದೆಂದು ಕಾರ್ಯದರ್ಶಿ ಸೂಚಿಸಿದ್ದರಂತೆ. ದೃಢಪಡಿಸಲು ಪತ್ನಿಯೇ ಹೊರಟು ಬಂದರು.

ಅವರು ಬರುವ ಮೊದಲು, ಜನವರಿಯ ಕೊನೆಯ ವಾರದಲ್ಲಿ, ನಾನು ಕಾಪುವಿಗೆ ಹೋಗಿ ಕಲ್ಲನ್ನು ಹುಡುಕಿದೆ. ಹೆದ್ದಾರಿಯಿಂದ ದೀಪಸ್ತಂಭದ ಕಡೆಗೆ ಇಳಿಯುವ ದಾರಿಯಲ್ಲಿ ಒಬ್ಬ ಬ್ಯಾರಿ ವ್ಯಾಪಾರಿಯ ಕೊಬ್ಬರಿ ಗೋದಾಮು ಇತ್ತು. ಅದರ ಹಿತ್ತಲಿನ ಗೋಡೆಗೆ ಒರಗಿ ಕಲ್ಲು ನಿಂತಿತ್ತು. ಗೋಡೆಗೆ ಸುಣ್ಣ ಬಳಿದಿದ್ದರು, ಕಲ್ಲಿಗೆ ಒಂದು ಹನಿ ಸಿಡಿದಿರಲಿಲ್ಲ. ತನ್ನ ಅಜ್ಜನ ಕಾಲದಿಂದಲೂ ಸುಣ್ಣ ಬಳಿಯುವವರಿಗೆ ಹಾಗೆ ಹೇಳಿಯೇ ಕೆಲಸ ಕೊಡುವುದೆಂದು ವ್ಯಾಪಾರಿ ತಿಳಿಸಿದರು. ಪಕ್ಕದ ಮೀನುಗಾರ ಮೊಗವೀರರ ಮನೆಯವರು ವರ್ಷಕ್ಕೊಂದು ದಿನ ಬಂದು ಎಣ್ಣೆ ಹಚ್ಚಿ ಹೂ ಇಟ್ಟು ಹೋಗುತ್ತಿದ್ದರಂತೆ. ಆ ದಿನ ಗೋದಾಮಿನ ಹಿಂಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ.

ನಾನು ಮುದ್ರಿತ ಚಿತ್ರವನ್ನು ಹಿಡಿದು ಕಲ್ಲಿನ ಮುಂದೆ ನಿಂತೆ. ನಾಯಿ ಇತ್ತು. ಮೇಲಿನ ಮೂಲೆಯ ಮುಕ್ಕು ಇತ್ತು. ಆದರೆ ಚಿತ್ರದಲ್ಲಿ ಎಡಕ್ಕಿದ್ದದ್ದೆಲ್ಲ ಕಲ್ಲಿನಲ್ಲಿ ಬಲಕ್ಕಿತ್ತು. ಕತ್ತಿ ವೀರನ ಬಲಗೈಯಲ್ಲಿತ್ತು.

ಸ್ಲೈಡು ಮಗುಚಿಹೋಗಿರಬಹುದೆಂಬ ಯೋಚನೆ ಸಹಜವಾಗಿಯೇ ಬಂತು. ಆದರೆ ಆ ಸಂಶಯಕ್ಕೆ ಉತ್ತರ ಅವರ ಮೊದಲ ಪ್ರಬಂಧದ ಜೊತೆಗೆ ಹಿಂದೆಯೇ ಅಚ್ಚಾಗಿತ್ತು. ಆ ಕಾಲದ ಗಾಜಿನ ಸ್ಲೈಡನ್ನು ಚಿತ್ರ ಬೀಳಿಸುವ ಯಂತ್ರಕ್ಕೆ ತಲೆಕೆಳಗಾಗಿ ಇಳಿಸಬೇಕು. ಕತ್ತಲಲ್ಲಿ ತಪ್ಪದಿರಲೆಂದು, ಇಳಿಸುವವನ ಬಲಗೈ ಹೆಬ್ಬೆರಳು ಎಲ್ಲಿ ಬೀಳಬೇಕೋ ಆ ಮೂಲೆಯಲ್ಲಿ ಬಿಳಿ ಕಾಗದದ ಒಂದು ಚುಕ್ಕಿ ಅಂಟಿಸಿರುತ್ತಿದ್ದರು. ಸಭೆಯಲ್ಲಿ ಒಬ್ಬ ಸದಸ್ಯರು ಇದೇ ಸಂಶಯವನ್ನು ಎತ್ತಿದಾಗ, ಚುಕ್ಕಿ ಇದೆ, ಹೆಬ್ಬೆರಳು ಅದರ ಮೇಲೆಯೇ ಇದೆ ಎಂದು ಯಂತ್ರದ ಬಳಿಯಿಂದ ಉತ್ತರ ಬಂತಂತೆ. ಚರ್ಚೆ ಅಲ್ಲಿಗೆ ಮುಗಿದಿತ್ತು. ಚುಕ್ಕಿಯನ್ನು ನಾನೂ ನಂಬಿದೆ. ನಂಬಿದ್ದರಿಂದ ಉಳಿದದ್ದು ಒಂದೇ ದಾರಿ: ಇಂಥದೇ ಇನ್ನೊಂದು ಕಲ್ಲು, ಇದರ ಜೋಡಿ, ಎಡಗೈಯದು, ಸುತ್ತಮುತ್ತ ಎಲ್ಲೋ ಇರಬೇಕು. ಯಾವುದೋ ಹೆಬ್ಬಾಗಿಲಿನ ಎರಡು ಪಕ್ಕದಲ್ಲಿ ಎದುರುಬದುರಾಗಿ ನಿಲ್ಲಿಸಿದ್ದಿರಬಹುದು. ಮೂರು ದಿನ ಕಾಲೇಜು ಮುಗಿಸಿ ಬಸ್ಸು ಹತ್ತಿ ಕಾಪುವಿಗೆ ಹೋಗಿ, ಬಾವಿಕಟ್ಟೆ, ಗದ್ದೆಯಂಚಿನ ಕಟ್ಟಪುಣಿ, ತೋಡು ದಾಟಲು ಹಾಕಿದ ಸಂಕ, ಎಲ್ಲವನ್ನೂ ನೋಡಿದೆ. ವ್ಯಾಪಾರಿ ಗೋದಾಮಿನ ಮುಂದಿನ ಅಂಗಡಿಯ ಜಗಲಿಯಿಂದಲೇ ನನ್ನ ತಿರುಗಾಟವನ್ನು ಗಮನಿಸುತ್ತಿದ್ದರು.

"ಎಂತ ಮಾಸ್ಟ್ರೇ, ಇವನ ತಮ್ಮ ಸಿಕ್ಕಿದನಾ?" ಎಂದು ಮೂರನೆಯ ದಿನ ಕೇಳಿದರು. ಸಿಗಲಿಲ್ಲವೆಂದೆ. "ಇದ್ದರಲ್ವಾ ಸಿಗ್ಲಿಕ್ಕೆ. ಇದ್ದವನನ್ನು ಬಿಟ್ಟು ಇಲ್ಲದವನನ್ನು ಹುಡುಕ್ತೀರಿ. ನಿಮ್ಮ ಕಾಲೇಜಿನಲ್ಲಿ ಸಂಬಳ ಇದಕ್ಕೇ ಕೊಡುವುದಾ ಮಾರಾಯ್ರೇ?"

ಮಹಿಳೆ ಬಂದದ್ದು ಫೆಬ್ರವರಿ ಒಂಬತ್ತರಂದು, ಬುಧವಾರ, ಮಂಗಳೂರಿನಿಂದ ಖಾಸಗಿ ಬಸ್ಸಿನಲ್ಲಿ. ಉಡುಪಿಯ ನಿಲ್ದಾಣದ ಗದ್ದಲದಲ್ಲಿ ಅವರನ್ನು ಗುರುತಿಸುವುದು ಕಷ್ಟವಾಗಲಿಲ್ಲ. ನೀಳವಾಗಿದ್ದರು. ಒಂದು ಕೈಯಲ್ಲಿ ಪೆಟ್ಟಿಗೆ, ಎದೆಗೆ ಅವಚಿಕೊಂಡ ಇನ್ನೊಂದು ಸಣ್ಣ ಮರದ ಡಬ್ಬಿ. ಡಬ್ಬಿಯನ್ನು ಹೊರುವವನಿಗೆ ಕೊಡಲೊಪ್ಪಲಿಲ್ಲ. ಸ್ಲೈಡು ಅದರಲ್ಲಿತ್ತು.

ವಸತಿಗೃಹದಲ್ಲಿ ಅವರು ಕೈಕಾಲು ತೊಳೆದು ಬಂದ ಕೂಡಲೇ ನಾನು ಕಂಡದ್ದನ್ನು ಕಂಡಂತೆಯೇ ಹೇಳಿದೆ. ಕಲ್ಲು ಸಿಕ್ಕಿದೆ, ಆದರೆ ಕತ್ತಿ ಬಲಗೈಯಲ್ಲಿದೆ; ಜೋಡಿ ಕಲ್ಲೊಂದಿರಬಹುದೆಂದು ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ ಎಂದು. ಅವರು ಡಬ್ಬಿಯ ಮುಚ್ಚಳ ತೆರೆದು ನೋಡಿದರು. ಚುಕ್ಕಿ ಅದರ ಮೂಲೆಯಲ್ಲಿಯೇ ಇದೆ ಎಂದರು. ಬಳಿಕ, ನಾಳೆಯೇ ಕಾಪುವಿಗೆ ಹೋಗುವುದು ಬೇಡ, ಮೊದಲು ಕಾರ್ಕಳವನ್ನು ತೋರಿಸಿ ಎಂದು ಕೇಳಿಕೊಂಡರು. ಕಾರ್ಕಳದ ದೊಡ್ಡ ವಿಗ್ರಹದ ಬಗ್ಗೆ ಪತಿ ಬಾಯಿತುಂಬ ಹೇಳುತ್ತಿದ್ದರೆಂಬುದು ಅವರು ಕೊಟ್ಟ ಕಾರಣ. ಇನ್ನೊಂದು ದಿನ ಆ ಕಲ್ಲನ್ನು ನೋಡದೆ ಇರಬೇಕೆಂಬುದು ಅವರ ಆಸೆಯಾಗಿತ್ತೆಂದು ನಾನು ಭಾವಿಸಿದೆ.

ಗುರುವಾರ ಕಾರ್ಕಳದ ಬೆಟ್ಟದ ಮೆಟ್ಟಿಲು ಹತ್ತಿದೆವು. ವಿಗ್ರಹದ ನೆರಳಿನಲ್ಲಿ ಕುಳಿತು ಅವರು ಚಿತ್ರ ಬರೆಯತೊಡಗಿದಾಗ ನಾನು ಮೊದಲ ಬಾರಿಗೆ ಗಮನಿಸಿದೆ: ಬರೆಯುವುದು ಎಡಗೈಯಲ್ಲಿ. ಶಾಲೆಯಿಂದ ಪ್ರವಾಸ ಬಂದಿದ್ದ ಹುಡುಗಿಯರು ಸುತ್ತ ನಿಂತು ಕಿಸಕ್ಕನೆ ನಕ್ಕರು. ಟೀಚರ್ ಇವರಿಗೆ ಹೊಡೆಯಲಿಲ್ಲವಾ ಎಂದು ಒಬ್ಬಳು ನನ್ನನ್ನು ಕೇಳಿದಳು. ಅದನ್ನು ಅನುವಾದಿಸಿದೆ. ಹೊಡೆದಿದ್ದರು ಎಂದು ಮಹಿಳೆ ಉತ್ತರಿಸಿದರು. ಹೊಡೆದದ್ದಲ್ಲದೆ ಆ ಕೈಯನ್ನು ಬೆಂಚಿಗೆ ಕಟ್ಟಿಯೂ ಹಾಕಿದ್ದರಂತೆ. ಮದುವೆಯಾದ ಹೊಸತರಲ್ಲಿ ಗೋಡೆಯ ಮೇಲೆ ಎಡಗೈ ವೀರ ಮೂಡಿ ನಿಂತಾಗ ತನಗಾದ ಸಂತೋಷ ಪತಿಗೆ ಎಂದೂ ಪೂರ್ತಿಯಾಗಿ ಅರ್ಥವಾಗಿರಲಿಲ್ಲವೆಂದರು. ಪತಿಗೆ ಅವನೊಂದು ಪುರಾವೆ. ಇವರಿಗೆ ಒಬ್ಬ ಜೊತೆಗಾರ.

ಅಂದು ಸಂಜೆ ಉಡುಪಿಯ ನಮ್ಮ ಮನೆಯಲ್ಲಿ ಊಟ. ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವುದಿಲ್ಲವೆಂಬುದನ್ನು ಅವರು ತಿಳಿದುಕೊಂಡೇ ಬಂದಿದ್ದರು. ಎಡಗೈಯನ್ನು ಮಡಿಲಲ್ಲಿಟ್ಟು ಬಲಗೈಯಲ್ಲಿ ಕುಚ್ಚಲಕ್ಕಿ ಅನ್ನವನ್ನು ಎತ್ತಲು ಹೆಣಗಿದರು. ಬಾಯಿ ತಲುಪಿದ್ದಕ್ಕಿಂತ ಎಲೆಗೆ ಮರಳಿದ್ದೇ ಹೆಚ್ಚು. ತಾಯಿಯವರು ಮಡಿಮೈಲಿಗೆಯಲ್ಲಿ ಬಿಗಿಯಾದವರು. ಸಾರು ಬಡಿಸಲು ಬಂದವರು ನಿಂತು ನೋಡಿದರು.

"ಅವರ ಹತ್ರ ಹೇಳು," ಎಂದರು ತುಳುವಿನಲ್ಲಿ, "ಹಸಿವಿನವರು ಯಾವ ಕೈಯಲ್ಲಿ ಉಂಡರೂ ನನಗೆ ಬೇಸರ ಇಲ್ಲ ಅಂತ. ಇಲ್ಲದಿದ್ದರೆ ಇವತ್ತು ನಾನೇ ತುತ್ತು ಮಾಡಿ ಕೊಡಬೇಕಾದೀತು."

ಹೇಳಿದೆ. ಅವರು ನಕ್ಕರು, ಆದರೆ ಎಡಗೈಯನ್ನು ಮಡಿಲಿನಿಂದ ತೆಗೆಯಲಿಲ್ಲ. ಹೊರಡುವಾಗ ತಾಯಿಯವರು ಶಂಕರಪುರದ ಮಲ್ಲಿಗೆಯ ಒಂದು ಚೆಂಡನ್ನು ನೀಡಿದರು. ಇಡೀ ದಿನದ ಎಚ್ಚರ ಆ ಕ್ಷಣದಲ್ಲಿ ತಪ್ಪಿ ಮಹಿಳೆಯ ಎಡಗೈ ಮುಂದೆ ಬಂತು. ತಾಯಿಯವರು ಹೂವನ್ನು ಆ ಕೈಗೆ ಕೊಡಲಿಲ್ಲ. ತಾವೇ ಕಾಲ ಬೆರಳುಗಳ ಮೇಲೆ ನಿಂತು ಅವರ ಮೋಟು ಕೂದಲಿಗೆ ಪಿನ್ನು ಚುಚ್ಚಿ ಮುಡಿಸಿದರು.

ಶುಕ್ರವಾರ ಹನ್ನೊಂದೂವರೆಗೆ ಕಾಪುವಿನ ಬಸ್ಸು ಹತ್ತಿದೆವು. ಅದು ಎಲ್ಲ ಕಡೆ ನಿಂತು ನಿಂತು ಸಾಗಿ, ನಾವು ತಲುಪುವಾಗ ಮಧ್ಯಾಹ್ನವಾಗಿತ್ತು. ಶುಕ್ರವಾರದ ನಮಾಜಿಗೆ ವ್ಯಾಪಾರಿ ಮಸೀದಿಗೆ ಹೋಗಿದ್ದರು, ಅಂಗಡಿಯ ಹಲಗೆಬಾಗಿಲು ಹಾಕಿತ್ತು. ಜಗಲಿಯಲ್ಲಿ ಕಾದೆವು. ಬಂದವರು ಶುಭ್ರ ಬಿಳಿ ಉಡುಪಿನಲ್ಲಿದ್ದರು. ನನ್ನ ಬಳಿ ಅವರು ತುಳುವಿನಲ್ಲಿ ಮಾತಾಡುವವರು; ಮಹಿಳೆಯನ್ನು ಕಂಡ ಮೇಲೆ ಗೌರವಕ್ಕಾಗಿ ಕನ್ನಡಕ್ಕೆ ಹೊರಳಿದರು. ಆಕೆಗೆ ಎರಡೂ ತಿಳಿಯದೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ.

"ಅಮ್ಮ ಅಷ್ಟು ದೂರದಿಂದ ಬಂದದ್ದು ಇವನನ್ನು ನೋಡ್ಲಿಕ್ಕಾ? ನನ್ನ ಮಗ ದುಬೈಯಿಂದ ನನ್ನನ್ನು ನೋಡ್ಲಿಕ್ಕೆ ಬಾರದೆ ಎರಡು ವರ್ಷ ಆಯ್ತು," ಎನ್ನುತ್ತ ಹಿಂಬಾಗಿಲು ತೆರೆದರು.

ಮಹಿಳೆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು. ಮುಟ್ಟಲಿಲ್ಲ. ಮರದ ಡಬ್ಬಿಯನ್ನು ತೆರೆದು ಸ್ಲೈಡನ್ನು ಹೊರತೆಗೆದರು: ಅಂಗೈಯಗಲದ ಗಾಜು, ಸುತ್ತ ಕಪ್ಪು ಕಾಗದದ ಅಂಚು, ಒಂದು ಮೂಲೆಯಲ್ಲಿ ಹಳದಿಗೆ ತಿರುಗಿದ ಆ ಬಿಳಿ ಚುಕ್ಕಿ. ಚುಕ್ಕಿ ಹೇಳಿದ ಹಾಗೆ ಹಿಡಿದು ಆಕಾಶದ ಬೆಳಕಿಗೆ ಎತ್ತಿದರು. ನಾನು ಅವರ ಹೆಗಲ ಹಿಂದಿನಿಂದ ನೋಡಿದೆ. ಮುದ್ರಿತ ಚಿತ್ರದಲ್ಲಿದ್ದಂತೆಯೇ ಕತ್ತಿ ಎಡಗೈಯಲ್ಲಿತ್ತು. ಆಚೆಗೆ, ಗಾಜಿನ ಅಂಚಿನ ಮೇಲೆ ಕಾಣುತ್ತಿದ್ದ ಕಲ್ಲಿನಲ್ಲಿ, ಬಲಗೈಯಲ್ಲಿತ್ತು. ಹಾಗಾದರೆ ಇದು ಆ ಕಲ್ಲಲ್ಲ ಎಂದು ಅವರು ಮೆಲ್ಲನೆ ಹೇಳಿದರು. ಅವರ ದನಿಯಲ್ಲಿ ನೆಮ್ಮದಿ ಇತ್ತು.

ವ್ಯಾಪಾರಿ ನಮ್ಮ ಎದುರಿಗೆ, ಕಲ್ಲಿಗೆ ಬೆನ್ನು ಮಾಡಿ ನಿಂತಿದ್ದರು. ಅವರು ಗಾಜನ್ನು ನೋಡುತ್ತಿದ್ದದ್ದು ಆಚೆ ಬದಿಯಿಂದ. ಕನ್ನಡಕವನ್ನು ಹಣೆಗೇರಿಸಿ ಮುಖವನ್ನು ಹತ್ತಿರ ತಂದರು.

"ಇದರಲ್ಲಿ ಎಂತ ಜಗಳ ಉಂಟು ಮಾಸ್ಟ್ರೇ? ನನಗೆ ಸರಿಯೇ ಕಾಣ್ತದಲ್ವಾ. ಇವನೇ. ಕತ್ತಿ ಬಲಗೈಯಲ್ಲೇ ಉಂಟು."

ಅವರ ಪಕ್ಕಕ್ಕೆ ಹೋಗಿ ನಾನೂ ನೋಡಿದೆ. ಆಚೆ ಬದಿಯಿಂದ ಕಂಡ ವೀರ ನಮ್ಮ ಬೆನ್ನ ಹಿಂದಿನ ವೀರನೇ ಆಗಿದ್ದ. ನಾಯಿ, ಮುಕ್ಕು, ಎಲ್ಲವೂ ಅದರದರ ಕಡೆಗೆ. ಈಗ ಉಳಿದದ್ದು ಚುಕ್ಕಿಯೊಂದೇ. ವ್ಯಾಪಾರಿಯ ಮಾತನ್ನು ಅನುವಾದಿಸಿದೆ. ಚುಕ್ಕಿಯ ಬಗ್ಗೆ ನಾನು ಏನನ್ನೂ ಕೂಡಿಸಲಿಲ್ಲ.

ಮಹಿಳೆ ಗಾಜನ್ನು ಇಳಿಸಿದರು. ಯಂತ್ರಕ್ಕೆ ಇಳಿಸುವಾಗ ಹಿಡಿಯುವಂತೆ ತಲೆಕೆಳಗು ಮಾಡಿ, ಬಲಗೈ ಹೆಬ್ಬೆರಳನ್ನು ಚುಕ್ಕಿಯ ಮೇಲಿಟ್ಟು ನೋಡಿದರು. ಗಾಜನ್ನು ಮಗುಚಿದರು. ಈಗ ಚುಕ್ಕಿ ಇನ್ನೊಂದು ಮೂಲೆಗೆ ಬಂತು. ಅಲ್ಲಿಗೆ ಬಲಗೈ ಹೆಬ್ಬೆರಳು ಸಲೀಸಾಗಿ ಹೋಗುವುದಿಲ್ಲ. ಎಡಗೈಯದು ಹೋಗುತ್ತದೆ. ಎಡಗೈ ಹೆಬ್ಬೆರಳು ಆ ಸಣ್ಣ ಕಾಗದದ ಮೇಲೆ, ಅದಕ್ಕಾಗಿಯೇ ಅಳೆದು ಅಂಟಿಸಿದಂತೆ, ಕುಳಿತುಕೊಂಡಿತು.

ಅವರು ಅಲ್ಲಿದ್ದ ಕೊಬ್ಬರಿ ಮೂಟೆಯ ಮೇಲೆ ಕುಳಿತರು. "ಇದು ನನ್ನ ಹೆಬ್ಬೆರಳು," ಎಂದರು.

ಆಮೇಲೆ ವಿಷಯವನ್ನು ಬಿಡಿಸಿ ಹೇಳಿದರು. ಸ್ಲೈಡುಗಳಿಗೆ ಚುಕ್ಕಿ ಅಂಟಿಸುವುದು ಪತಿಯ ಕೆಲಸ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಮೊದಲ ಸಲ ಸಂಘದಲ್ಲಿ ಓದಬೇಕಾಗಿದ್ದ ಹೊತ್ತಿಗೆ ಅವರು ಜ್ವರ ಬಂದು ಮಲಗಿದ್ದರು. ಕೊನೆಯ ತಟ್ಟೆಯಲ್ಲಿದ್ದ ಸ್ಲೈಡುಗಳಿಗೆ ಇವರು ಅಂಟಿಸಿದ್ದರು. ಹೆಬ್ಬೆರಳು ಬೀಳುವಲ್ಲಿ ಎಂದು ಪತಿ ಮಲಗಿದಲ್ಲಿಂದಲೇ ಹೇಳಿದ್ದರು. ಯಾವ ಕೈಯದೆಂದು ಹೇಳುವ ಅಗತ್ಯ ಅವರಿಗೆ ತೋರಿರಲಿಲ್ಲ. ಆ ತಟ್ಟೆಯಲ್ಲಿದ್ದ ಉಳಿದವು ತೆಂಗಿನ ಮರಗಳು, ದೋಣಿಗಳು, ಕಾಪುವಿನ ದೀಪಸ್ತಂಭ. ಯಾವ ಕಡೆಯಿಂದ ನೋಡಿದರೂ ದೀಪಸ್ತಂಭ ದೀಪಸ್ತಂಭವೇ. ಕಲ್ಲಿನ ಮೇಲೆ ಒಂದು ಅಕ್ಷರವಿದ್ದಿದ್ದರೂ ಆ ರಾತ್ರಿಯೇ ತಪ್ಪು ಹೊರಬೀಳುತ್ತಿತ್ತು. ಪತಿಗೆ ನೆನಪಿರಬೇಕಿತ್ತಲ್ಲವೇ ಎಂದು ನಾನು ಕೇಳಿದೆ. ಅವರು ಕಲ್ಲನ್ನು ನೋಡಿದ್ದು ಒಂದು ಸಲ, ಸ್ಲೈಡನ್ನು ನೋಡಿದ್ದು ಜೀವಮಾನವಿಡೀ ಎಂದರು.

ವ್ಯಾಪಾರಿ ಹಿತ್ತಲಿಗೆ ಹೊಂದಿಕೊಂಡಿದ್ದ ತಮ್ಮ ಮನೆಗೆ ಹೇಳಿಕಳುಹಿಸಿ ಚಹ ತರಿಸಿದರು. ವಿಷಯ ಏನೆಂದು ಕೇಳಿದರು, ಹೇಳಿದೆ. ತಾವು ಆಡಿದ ಮಾತಿನಿಂದ ಆಕೆಗೆ ನೋವಾಯಿತೇ ಎಂಬ ಚಿಂತೆ ಅವರಿಗೆ ಹತ್ತಿದ್ದು ಮುಖದಲ್ಲಿ ಕಾಣುತ್ತಿತ್ತು.

"ನನ್ನ ಹೆಂಗಸೂ ಎಡಗೈಯವಳೇ ಅಂತ ಅಮ್ಮನ ಹತ್ರ ಹೇಳಿ," ಎಂದರು. "ಮೀನು ಕೊಯ್ಯುವಾಗ ನಾನು ಯಾವಾಗಲೂ ಬಲಗಡೆ ನಿಲ್ಲುವುದು. ಮೂವತ್ತು ವರ್ಷ ಬದುಕಿ ಉಳಿದದ್ದು ಹಾಗೆ." ಮನೆಯ ಬಾಗಿಲ ಮರೆಯಿಂದ ಹೆಂಗಸಿನ ದನಿಯಲ್ಲಿ, ಬ್ಯಾರಿ ಭಾಷೆಯಲ್ಲಿ ಏನೋ ಚುರುಕಾದ ಉತ್ತರ ಬಂತು. ವ್ಯಾಪಾರಿ ಅದನ್ನು ನಮಗೆ ಕನ್ನಡದಲ್ಲಿ ಹೇಳಲಿಲ್ಲ. ಮಹಿಳೆಗೆ ಮಾತ್ರ ಅನುವಾದವಿಲ್ಲದೆಯೇ ಅರ್ಥವಾದಂತಿತ್ತು. ಅಂದು ಅವರು ನಕ್ಕದ್ದು ಆಗ ಮಾತ್ರ.

ಚಹ ಮುಗಿಸಿದ ಮೇಲೆ ನಾನು ನನ್ನ ಅಭಿಪ್ರಾಯವನ್ನು ತಿಳಿಸಿದೆ. ಪ್ರಬಂಧವನ್ನು ಈಗ ಇರುವಂತೆಯೇ ಓದಿಸಬಹುದು. ಓದುವುದು ಒಂದೇ ಸಲ, ಪ್ರಶ್ನೆ ಕೇಳುವವರಿಲ್ಲ. ತಿದ್ದುಪಡಿಯನ್ನು ಮುಂದೆ ಎಂದಾದರೂ, ಬೇಕಾದರೆ ನನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ, ಸದ್ದಿಲ್ಲದೆ ಸೇರಿಸಬಹುದು. ಆ ಕೋಣೆಯಲ್ಲಿ ಪತಿಯ ಹೆಸರು ಕೊನೆಯ ಸಲ ಕೇಳಬೇಕೆಂದೇ ಅವರು ಇಷ್ಟು ದೂರ ಬಂದದ್ದೆಂದು ನನಗೆ ಗೊತ್ತಿತ್ತು. ಅದನ್ನು ಉಳಿಸಿಕೊಡಬೇಕೆಂಬುದೊಂದೇ ನನ್ನ ಮನಸ್ಸಿನಲ್ಲಿತ್ತು.

ಅವರ ಉತ್ತರವನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲೇ ಕೊಡುತ್ತೇನೆ. "ಪ್ರಶ್ನೆ ಕೇಳುವುದಿಲ್ಲ ಎಂಬ ಕಾರಣಕ್ಕೇ ಅದು ಆಗದು. ಅವರೆಲ್ಲ ಬಾಯಿ ಮುಚ್ಚಿಕೊಂಡು ಎದ್ದುನಿಲ್ಲುವುದು ನಂಬಿಕೆಯಿಂದ. ಇದೇ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದು ಗೊತ್ತಾಗಿದ್ದರೆ ನನ್ನ ಗಂಡ ನಮ್ಮ ಮನೆಯ ಊಟದ ಮೇಜಿನಲ್ಲಿ ವಾರಗಟ್ಟಲೆ ಅವರನ್ನು ಬಿಡುತ್ತಿರಲಿಲ್ಲ."

ಹಾಗಾದರೆ ಹೆಸರು ಎಂದು ಕೇಳಿದೆ. ಹೆಸರನ್ನು ಓದುವುದಿಲ್ಲ ಎಂದರು. ಊರಿಗೆ ಹೋಗಿ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ, ಚುಕ್ಕಿ ಅಂಟಿಸಿದ್ದು ನಾನೆಂದು ಬರೆದುಕೊಡುತ್ತೇನೆ ಎಂದರು. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ.

ಆಮೇಲೆ ಕಾಗದ ತೆಗೆದು ಕಲ್ಲನ್ನು ಬರೆಯಲು ಕುಳಿತರು. ಬಿಸಿಲು ಗೋಡೆಯಿಂದ ಸರಿಯುವವರೆಗೂ ಬರೆದರು. ವ್ಯಾಪಾರಿ ಅಂಗಡಿಯನ್ನು ಕೆಲಸದಾಳಿಗೆ ಬಿಟ್ಟು ಪಕ್ಕದಲ್ಲೇ ನಿಂತಿದ್ದರು. ಎಡಗೈ ಕಾಗದದ ಮೇಲೆ ಓಡುತ್ತ ಬಲಗೈಯ ವೀರ ಮೂಡಿಬಂದ. ಎರಡು ಪ್ರತಿ ಮಾಡಿ ಒಂದನ್ನು ನನಗೆ ಕೊಟ್ಟರು. ಈ ಬರಹದ ಆರಂಭದಲ್ಲಿ ಹೇಳಿದ ಚಿತ್ರ ಅದು. ಹೊರಡುವಾಗ ವ್ಯಾಪಾರಿ, ಇಷ್ಟು ವರ್ಷ ಇವನನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದರು. ಮಹಿಳೆಗೆ ಅದನ್ನು ಹೇಳಿದಾಗ, ನಾನೂ ಅಷ್ಟೆ ಎಂದರು.

ಮರುದಿನ ಶನಿವಾರ ಅವರು ಮಂಗಳೂರಿಗೆ ಹೊರಟರು. ತಾಯಿಯವರು ಮುಡಿಸಿದ್ದ ಮಲ್ಲಿಗೆ ಬಾಡಿ ಕಂದಾಗಿತ್ತು. ಅದನ್ನು ಮರದ ಡಬ್ಬಿಯೊಳಗೆ, ಗಾಜಿನ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನನ್ನ ಪ್ರಬಂಧದಲ್ಲಿ ಆ ಕಲ್ಲಿನ ಬಗ್ಗೆ ಬರೆಯಬಹುದೇ ಎಂದು ಕೇಳಿದ್ದಕ್ಕೆ, ತಾನು ತಿದ್ದುಪಡಿ ಕಳುಹಿಸುವವರೆಗೆ ತಡೆಯಿರೆಂದು ಕೇಳಿಕೊಂಡರು. ತಡೆದೆ. ಕಾಪುವಿನ ಕಲ್ಲು ನನ್ನ ಪ್ರಬಂಧದಲ್ಲಿ ಇಲ್ಲ.

ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ಕೆಲವು ವರ್ಷಗಳ ನಂತರ ಅವರೂ ತೀರಿಕೊಂಡರೆಂದು ಪ್ರಾಂಶುಪಾಲರ ಮೂಲಕ ತಿಳಿಯಿತು. ೧೯೮೪ರಲ್ಲಿ ಮಣಿಪಾಲದ ಒಂದು ಗ್ರಂಥಾಲಯಕ್ಕೆ ವಿದೇಶದ ಹಳೆಯ ವಿದ್ವತ್ ಪತ್ರಿಕೆಗಳ ಕೆಲವು ಸಂಪುಟಗಳು ಕೊಡುಗೆಯಾಗಿ ಬಂದವು. ಅವುಗಳಲ್ಲಿ ಆ ಸಂಘದ ನಡಾವಳಿಯೂ ಇತ್ತು. ಪತಿಯ ಪ್ರಬಂಧ ಹಿಂದಕ್ಕೆ ಪಡೆದುದರ ಬಗ್ಗೆ ಒಂದು ಸಾಲಾದರೂ ಇರಬಹುದೆಂದು ನಾನು ೧೯೭೭ರ ಸಂಪುಟವನ್ನು ತೆರೆದೆ.

ಹಿಂದಕ್ಕೆ ಪಡೆದ ಉಲ್ಲೇಖವಿರಲಿಲ್ಲ. ಆ ವರ್ಷದ ಶರತ್ಕಾಲದ ಸಭೆಯಲ್ಲಿ ದಿವಂಗತ ಸದಸ್ಯರ ಕಿರುಪ್ರಬಂಧವೊಂದನ್ನು ಕಾರ್ಯದರ್ಶಿ ಓದಿದರೆಂದೂ ಸಭೆ ಎದ್ದುನಿಂತಿತೆಂದೂ ಅಲ್ಲಿ ದಾಖಲಾಗಿದೆ. ಪ್ರಬಂಧದ ಸಾರಾಂಶವೂ ಇದೆ. ಕಾಪುವಿನ ವೀರ ಎಡಗೈಯವನೆಂಬ ತಮ್ಮ ವಾದವನ್ನು ಲೇಖಕರು ಅದರಲ್ಲಿ ಸ್ವತಃ ಕೈಬಿಟ್ಟಿದ್ದಾರೆ. ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಸ್ಲೈಡನ್ನು ಕೈಗೆತ್ತಿಕೊಂಡು ಪರೀಕ್ಷಿಸಿ, ಚುಕ್ಕಿ ತಪ್ಪು ಮೂಲೆಯಲ್ಲಿರುವುದನ್ನು ತಾವೇ ಕಂಡುಕೊಂಡರೆಂದು ಸಾರಾಂಶ ಹೇಳುತ್ತದೆ. ಪತ್ನಿ ಕಲ್ಲಿನ ಎದುರು ಬರೆದ ಹೊಸ ಚಿತ್ರವನ್ನು ಪ್ರದರ್ಶಿಸಲಾಯಿತು ಎಂಬಲ್ಲಿಗೆ ವರದಿ ಮುಗಿಯುತ್ತದೆ.

ಪತಿಯ ಕಾಗದಗಳ ನಡುವೆ ಅಂಥ ಒಂದು ಟಿಪ್ಪಣಿ ನಿಜವಾಗಿಯೂ ಇದ್ದು, ಅದು ಆಕೆಗೆ ಊರಿಗೆ ಮರಳಿದ ಮೇಲೆ ಸಿಕ್ಕಿರಬಹುದು. ಅದನ್ನು ಅಲ್ಲಗಳೆಯಲು ನನ್ನ ಬಳಿ ಆಧಾರವಿಲ್ಲ. ಹಾಗಲ್ಲವೆಂದಾದರೆ ಆ ಪ್ರಬಂಧವನ್ನು ಬರೆದವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಊಹೆಯನ್ನು ನಾನು ದಾಖಲೆಯ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ನನ್ನಲ್ಲಿರುವುದು ಕಾಪುವಿನ ಒಂದು ಮಧ್ಯಾಹ್ನದ ನೆನಪು. ಅದಕ್ಕೆ ಸಾಕ್ಷಿಯಾಗಿದ್ದ ವ್ಯಾಪಾರಿಯೂ ಈಗಿಲ್ಲ. ನಡಾವಳಿಯಾದರೋ ಅಚ್ಚಾದದ್ದು, ಪುಟಸಂಖ್ಯೆಯುಳ್ಳದ್ದು. ಅದರ ಪ್ರಕಾರ ಆ ಬಿಳಿ ಚುಕ್ಕಿಯನ್ನು ತಪ್ಪು ಮೂಲೆಗೆ ಅಂಟಿಸಿದವರು ಲೇಖಕರೇ, ತಮ್ಮ ಸ್ವಂತ ಕೈಯಿಂದ.